ಮೂವರು ಲಾಟಸಾಹೇಬರ ಸೋನುಬಾಯಿ

ಸೋನುಬಾಯಿ ಗಂಡನ ಹಿಂದೆ ಆಫ್ರಿಕಾಕ್ಕೆ ಹೋಗುವಾಗ ಹುಮನಾಬಾದ್ ನಿಜಾಮರ ರಾಜ್ಯದಲ್ಲಿತ್ತು. ಐವತ್ತಾರರ ಚಳಿಗಾಲದಲ್ಲಿ ಒಬ್ಬಳೇ ತಿರುಗಿ ಬಂದಾಗ ಮೈಸೂರು ರಾಜ್ಯದಲ್ಲಿತ್ತು. ಊರು ಮಾತ್ರ ಇದ್ದಲ್ಲೇ ಇತ್ತು.

ಗಂಡ ದೇವಿಂದ್ರಪ್ಪ ಹೈದರಾಬಾದಿನ ಬೊಲಾರಂ ದಂಡಿನಲ್ಲಿ ಒಬ್ಬ ಗೋರಾ ಕಪ್ತಾನನ ಅಡುಗೆಯವನು. ಕಪ್ತಾನನಿಗೆ ಬ್ರಿಟಿಷರ ರಕ್ಷಣೆಯಲ್ಲಿದ್ದ ನ್ಯಾಸಾಲ್ಯಾಂಡಿನಲ್ಲಿ ನೌಕರಿ ಸಿಕ್ಕಿತು. ಇವನ ಕೈಯ ಸಾರು ಬಿಟ್ಟಿರಲಾರದೆ ಗಂಡಹೆಂಡಿರಿಬ್ಬರನ್ನೂ ಹಡಗು ಹತ್ತಿಸಿಕೊಂಡು ಹೋದ. ಹದಿನೇಳು ವರ್ಷದ ಮೇಲೆ ದೇವಿಂದ್ರಪ್ಪ ಅಲ್ಲೇ ಜ್ವರದಿಂದ ತೀರಿಕೊಂಡ. ಸೋನುಬಾಯಿ ಊರಿಗೆ ತಂದದ್ದು ಒಂದು ಟ್ರಂಕು ಮತ್ತು ಮೂವರು ಲಾಟಸಾಹೇಬರ ಸುದ್ದಿ.

ಹುಮನಾಬಾದಿನ ಸರ್ಕಾರಿ ಬಂಗಲೆಯಲ್ಲಿ ಆಕೆಗೆ ಅಡುಗೆಯ ಕೆಲಸ ಸಿಕ್ಕಿತು. ಮೊದಲ ವರ್ಷ ಬಂದ ಅಧಿಕಾರಿಗಳಲ್ಲಿ ಅರ್ಧದಷ್ಟು ಜನ ಆಕೆಯ ಜಾತಿ ಕೇಳಿಕೊಂಡು, ಮನೆಯಿಂದ ಬುತ್ತಿ ಡಬ್ಬಿ ತರಿಸುತ್ತಿದ್ದರು. ಒಂದು ದಿನ ಸೋನುಬಾಯಿ ಡಬ್ಬಿ ಬಿಚ್ಚುತ್ತಿದ್ದ ತಹಶೀಲ್ದಾರರ ಮುಂದೆ ನಿಂತು, ನ್ಯಾಸಾಲ್ಯಾಂಡಿನ ರಾಜಧಾನಿ ಜೊಂಬಾದ ಬಂಗಲೆಯಲ್ಲಿ ಮೂವರು ಲಾಟಸಾಹೇಬರು ಇದೇ ಕೈಯ ಅಡುಗೆ ಉಂಡಿದ್ದಾರೆ ಎಂದಳು. ಗವರ್ನರರು ಉಂಡದ್ದನ್ನು ತಹಶೀಲ್ದಾರರು ಹೇಗೆ ಒಲ್ಲೆ ಎಂದಾರು? ಅಂದಿನಿಂದ ಡಬ್ಬಿಗಳು ನಿಂತವು.

ಆಮೇಲೆ ಲಾಟಸಾಹೇಬರು ಬಂಗಲೆಯಲ್ಲಿ ಠಾಣ್ಯ ಹೂಡಿಯೇ ಬಿಟ್ಟರು. ಯಾರಾದರೂ ಬೂಟು ಹಾಕಿಕೊಂಡು ಮಂಚದ ಮೇಲೆ ಕಾಲು ಚಾಚಿದರೆ, ಲಾಟಸಾಹೇಬರು ಹಾಗೆ ಮಾಡುತ್ತಿರಲಿಲ್ಲ ಎನ್ನುವಳು. ವರಾಂಡದಲ್ಲಿ ಪಾನ್ ಉಗುಳಿದರೆ, ಅವರು ಉಗುಳುತ್ತಿರಲಿಲ್ಲ. ಒಬ್ಬ ದೊಡ್ಡ ಇಂಜಿನಿಯರರು ಅವಳನ್ನು ಹೆಸರು ಹಿಡಿದು ಮೂರು ಸಲ ಕೂಗಿದಾಗ, ಲಾಟಸಾಹೇಬರು ಎರಡನೆಯ ಸಲ ಕೂಗುವವರಲ್ಲ ಎಂಬ ಉತ್ತರ ಅಡುಗೆಮನೆಯಿಂದ ಬಂತು. ಬಂಗಲೆ ನೋಡಿಕೊಳ್ಳುವ ಓವರ್ಸಿಯರ್ ಮಹಾರುದ್ರಪ್ಪ ಇಪ್ಪತ್ತು ವರ್ಷ ಕಾಲು ತೊಳೆದೇ ಒಳಗೆ ಬಂದರು. ಈ ಲಾಟಸಾಹೇಬರ ಸುದ್ದಿ ನಿಜವೇ ಎಂದು ಅವರಿಗೆ ಒಳಗೊಳಗೇ ಒಂದು ಗುಮಾನಿ ಇತ್ತು.

ಎಪ್ಪತ್ತೊಂಬತ್ತರಲ್ಲಿ ದುಬಲಗುಂಡಿಯ ತೊಗರಿ ಹೊಲ ನೋಡಲು ಹೈದರಾಬಾದಿನ ಕಡೆಯ ಸಂಶೋಧನಾ ಕೇಂದ್ರದಿಂದ ಚಿಸಾಲೆ ಎಂಬ ತರುಣ ವಿಜ್ಞಾನಿ ಬರುತ್ತಾನೆಂದು ಕಾಗದ ಬಂತು. ನ್ಯಾಸಾಲ್ಯಾಂಡು ಸ್ವತಂತ್ರವಾಗಿ ಮಲಾವಿ ಎಂದು ಹೆಸರಾಗಿ ಹದಿನೈದು ವರ್ಷವಾಗಿತ್ತು. ಅವನು ಅಲ್ಲಿಯವನೇ, ಅದೂ ಜೊಂಬಾದವನು. ಮಹಾರುದ್ರಪ್ಪ ಅರ್ಧ ಕಚೇರಿಯನ್ನೇ ವರಾಂಡಕ್ಕೆ ಕರೆತಂದು ಕುರ್ಚಿ ಹಾಕಿಸಿದರು.

ಚಿಸಾಲೆ ಜೀಪಿನಿಂದ ಇಳಿದ. ಸೋನುಬಾಯಿ ಸೆರಗಿಗೆ ಕೈ ಒರೆಸಿಕೊಂಡು ಬಂದು, "ಮುಲಿ ಬ್ವಾಂಜಿ" ಎಂದಳು. ಅಲ್ಲಿಯ ಭಾಷೆಯಲ್ಲಿ ಅದು ಹೇಗಿದ್ದೀರಿ ಎಂದಂತೆ. ಅವನು ಕೈಯಲ್ಲಿದ್ದ ಚೀಲ ಕೆಳಗೆ ಬಿಟ್ಟು ಬಡಬಡ ಮಾತಾಡತೊಡಗಿದ. ಇಬ್ಬರೂ ನಕ್ಕರು, ಅವಳು ಕಣ್ಣೊರೆಸಿಕೊಂಡಳು. ಕುರ್ಚಿಯ ಮೇಲಿದ್ದವರಿಗೆ ಒಂದಕ್ಷರ ತಿಳಿಯಲಿಲ್ಲ. ಕಡೆಗೆ ಮಹಾರುದ್ರಪ್ಪ ತಮ್ಮ ಇಂಗ್ಲಿಷಿನಲ್ಲಿ, ಗವರ್ನರರ ವಿಷಯ ಕೇಳಪ್ಪಾ ಎಂದು ಅವನಿಗೆ ಹೇಳಿದರು.

ಚಿಸಾಲೆ ಅವಳೊಡನೆ ಆ ಭಾಷೆಯಲ್ಲೇ ಕೇಳಿದ. ತನ್ನ ತಾಯಿಯೂ ಅದೇ ಊರಲ್ಲಿ ಸಾಹೇಬರ ಬಟ್ಟೆ ಒಗೆಯುತ್ತಿದ್ದಳು, ಗವರ್ನರರ ಬೆನ್ನಿನ ಹೊರತು ಆಕೆ ಏನೂ ಕಂಡವಳಲ್ಲ, ನೀವು ಕಂಡಿದ್ದೀರಾ ಎಂದ. ಸೋನುಬಾಯಿ ಅವನ ಮುಖ ನೋಡಿದಳು. ಆಮೇಲೆ ಓವರ್ಸಿಯರರ ಕಡೆ ತಿರುಗಿದಳು.

"ಅವರ ಮಾರಿ ನಾ ನೋಡಿಲ್ರಿ ಸಾಹೇಬ್ರ. ಅಂಗಿ ನೋಡೀನಿ. ಹದಿನೇಳು ವರ್ಷ ಮೂರೂ ಮಂದಿ ಲಾಟಸಾಬರ ಅಂಗಿ ಇಸ್ತ್ರಿ ಮಾಡೀನಿ."

"ಮತ್ತ ಅಡಿಗಿ?"

"ಅಡಿಗಿ ನನ್ನ ಗಂಡ ಮಾಡತಿದ್ರು. ಅದೂ ಕಪ್ತಾನನ ಮನ್ಯಾಗ."

"ಮತ್ತ ಕಾಲು ತೊಳೀಬೇಕು, ಉಗುಳಬಾರದು, ಅದೆಲ್ಲ ಯಾರ ಕಾಯಿದೆ?"

"ಅದು ನಂದ್ರಿ."

ಗೆದ್ದೆನೆಂದು ಮಹಾರುದ್ರಪ್ಪ ಬಾಯಿ ತೆರೆದರು. ಆದರೆ ಇಪ್ಪತ್ತು ವರ್ಷ ಉಂಡ ಬದನೆಕಾಯಿ ಎಣಗಾಯಿ ನೆನಪಾಗಿ ಬಾಯಿ ಮುಚ್ಚಿಕೊಂಡರು. ಕಚೇರಿಯ ಗುಮಾಸ್ತನೊಬ್ಬ, ಅಂಗಿ ನೋಡಿದರೆ ಮನುಷ್ಯ ತಿಳಿಯುತ್ತಾನೇನು ಎಂದು ಕೆಣಕಿದ. ತಿಳಿಯುತ್ತಾನೆ ಎಂದಳು ಸೋನುಬಾಯಿ. ಒಬ್ಬರ ಎದೆಯ ಮೇಲೆ ದಿನಾ ಸಾರಿನ ಕಲೆ, ಇನ್ನೊಬ್ಬರ ಜೇಬಿನಲ್ಲಿ ಕರಗಿದ ಪೆಪ್ಪರಮೆಂಟು, ಮೂರನೆಯವರ ಗುಂಡಿ ವಾರಕ್ಕೊಮ್ಮೆ ಕಿತ್ತುಬರುತ್ತಿತ್ತು.

"ಕಾಲರಿನ ಹೊಲಸು ಮಾತ್ರ ಎಲ್ಲಾರದೂ ಒಂದೇ ರಿ," ಎಂದು ಒಳಗೆ ಹೋದಳು.

ಆ ದಿನ ಮೆಕ್ಕೆಜೋಳದ ಹಿಟ್ಟಿನ ಗಟ್ಟಿ ಮುದ್ದೆ, ಜೊಂಬಾದಲ್ಲಿ ಮಾಡುವ ಹಾಗೆಯೇ ಮಾಡಿ, ತೊಗರಿಬೇಳೆಯ ಜೊತೆ ಬಡಿಸಿದಳು. ಚಿಸಾಲೆ ಮೂರು ಸಲ ಹಾಕಿಸಿಕೊಂಡ. ಮಹಾರುದ್ರಪ್ಪನವರೂ ಪಕ್ಕದಲ್ಲಿ ಕುಳಿತು ಉಂಡರು, ಗುಮಾಸ್ತನಿಗೂ ಕಣ್ಣಲ್ಲೇ ಕೂರುವಂತೆ ಹೇಳಿದರು.

ಚಿಸಾಲೆ ಹೈದರಾಬಾದಿಗೆ ಹೋಗಿ ಏನು ಹೇಳಿದನೋ, ತೊಗರಿ ಸುಗ್ಗಿ ಬಂತೆಂದರೆ ಆಫ್ರಿಕಾದ ವಿಜ್ಞಾನಿಗಳು ಹುಮನಾಬಾದಿನ ಬಂಗಲೆ ಹುಡುಕಿಕೊಂಡು ಬರತೊಡಗಿದರು. ಒಬ್ಬ ಕೀನ್ಯಾದವನು, ಒಬ್ಬ ಸುಡಾನಿನವನು. ಜೊಂಬಾದ ಭಾಷೆ ಅವರಾರಿಗೂ ಬಾರದು. ಸೋನುಬಾಯಿ ಮಾತ್ರ ಎಲ್ಲರೊಡನೆಯೂ ಅದರಲ್ಲೇ ಮಾತಾಡಿ, ಹೆಂಡತಿ ಮಕ್ಕಳ ಕ್ಷೇಮ ವಿಚಾರಿಸುತ್ತಿದ್ದಳು. ಅವರು ದೊಡ್ಡದಾಗಿ ತಲೆಯಾಡಿಸಿ ಉಣ್ಣುತ್ತಿದ್ದರು.