ಎಚ್ಚರವಿದ್ದು ಕೇಳಿ ಪಡೆದ ಮಾಸು

ಬೆಟ್ಟದೆತ್ತರದ ಚಳಿಯೂರು ಎಲ್ ಆಲ್ತೋದ ಸಂತೆಬೀದಿಯಲ್ಲಿ ಆಲೂಗಡ್ಡೆ ಮಾರುತ್ತಿದ್ದ ಬಾಸಿಲಿಯಾ ಚೋಕೆಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಎಲ್ಲರೂ ಆಡಿಕೊಳ್ಳುತ್ತಿದ್ದರು. ಗೆಡ್ಡೆಯನ್ನು ಉಗುರಿನಿಂದ ಕೆರೆದು ನೋಡುವ ಗಿರಾಕಿಗೆ, "ಗಂಡನ್ನೂ ಹಿಂಗೇ ಕೆರೆದು ನೋಡಿ ಕಟ್ಕೊಂಡ್ಯಾ?" ಎಂದು ಬೀದಿಗೆಲ್ಲ ಕೇಳಿಸುವಂತೆ ಕೇಳುವವಳು. ಆದರೆ ಅವು ದಿನದ ಸಿಟ್ಟುಗಳು, ತಕ್ಕಡಿ ಕೆಳಗಿಡುವಷ್ಟರಲ್ಲಿ ಇಳಿಯುತ್ತಿದ್ದವು. ಇಳಿಯದ ಸಿಟ್ಟು ಬೇರೆ ಒಂದಿತ್ತು.

ಮಗಳು ನೀವೆಸ್ ಹುಟ್ಟುವಾಗ ಬಾಸಿಲಿಯಾಳ ಹೊಟ್ಟೆ ಕುಯ್ಯಬೇಕಾಗಿ ಬಂತು. ಏನು, ಯಾಕೆ ಎಂದು ಯಾರೂ ಹೇಳಲಿಲ್ಲ. ಮೂಗಿಗೆ ಏನೋ ಹಿಡಿದರು, ಪ್ರಜ್ಞೆ ಹೋಯಿತು. ಕಣ್ಣು ಬಿಟ್ಟಾಗ ಮಗು ಪಕ್ಕದಲ್ಲಿತ್ತು. "ನನ್ನ ಮಾಸು ಎಲ್ಲಿ?" ಎಂದು ಕೇಳಿದಳು. "ಆಗ್ಲೇ ಎಸೆದಾಯ್ತಲ್ಲ" ಎಂದಳು ದಾದಿ, ಸಿಪ್ಪೆ ಎಸೆದಷ್ಟು ಸಲೀಸಾಗಿ. ಮಗುವಿನ ಹಿಂದೆಯೇ ಬರುವ ಮಾಸನ್ನು ತೊಳೆದು, ಹೂವಿಟ್ಟು, ಅಂಗಳದಲ್ಲಿ ಹೂಳದೆ ಹೋದರೆ ತಾಯಿ ಚೇತರಿಸಿಕೊಳ್ಳುವುದಿಲ್ಲ ಎಂಬುದು ಆ ಊರಿನ ಕೂಸಿಗೂ ಗೊತ್ತು. ಅಂದಿನಿಂದ ತಲೆನೋವು ಬಂದಾಗಲೆಲ್ಲ ಬಾಸಿಲಿಯಾ ಆ ದಾದಿಯನ್ನು ಬೈಯುತ್ತಿದ್ದಳು. ನಾನು ನಿದ್ದೆಯಲ್ಲಿದ್ದೆ, ಅದಕ್ಕೇ ಕದ್ದರು ಎನ್ನುತ್ತಿದ್ದಳು.

ಈಗ ನೀವೆಸ್ ತುಂಬಿದ ಬಸುರಿ. ಮಾಸು ಗರ್ಭದ ಬಾಗಿಲಿಗೇ ಅಡ್ಡ ಕೂತಿದೆ, ಮಗು ಆ ದಾರಿಯಲ್ಲಿ ಹೊರಟರೆ ರಕ್ತ ಹರಿದು ಇಬ್ಬರ ಜೀವಕ್ಕೂ ಕುತ್ತು, ಬೇನೆ ಶುರುವಾಗುವ ಮೊದಲೇ ಬಂದು ಆಪರೇಷನ್ ಮಾಡಿಸಿಕೊ ಎಂದು ಆಸ್ಪತ್ರೆಯವರು ಒಂದು ಗುರುವಾರ ಗೊತ್ತು ಮಾಡಿದ್ದರು. ಬೆನ್ನಿಗೆ ಸೂಜಿ ಹಾಕುತ್ತೇವೆ, ಎಚ್ಚರವಾಗಿಯೇ ಇರುತ್ತೀ ಎಂದಿದ್ದರು. ಆ ಮಾತು ಕೇಳಿದಾಗಿನಿಂದ ಹುಡುಗಿಗೆ ತುತ್ತು ಇಳಿಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅಂಗಡಿಗೆ ಬಂದು ನಿಂತಳು. "ಅವ್ವಾ, ನಾನು ಆಸ್ಪತ್ರೆಗೆ ಹೋಗಲ್ಲ. ಎಲಿಯೊಡೋರಕ್ಕ ಕಂಬಳೀಲಿ ಮಲಗಿಸಿ ತೂಗ್ತಾಳಂತೆ. ನಾಕು ಜನ ಮೂಲೆ ಹಿಡ್ದು ಅಲ್ಲಾಡಿಸಿದ್ರೆ ಎಲ್ಲಾ ಜಾಗಕ್ಕೆ ಬರುತ್ತಂತೆ."

ಪಕ್ಕದಲ್ಲಿ ಈರುಳ್ಳಿ ಮಾರುವ ಎಲಿಯೊಡೋರಾ ತಲೆಯ ಟೋಪಿ ಸರಿಮಾಡಿಕೊಂಡಳು. "ಹೂಂ ಕಣೇ. ಅಲ್ಲಿ ಎಚ್ಚರ ಇರೋವಾಗ್ಲೇ ಕುಯ್ತಾರೆ. ನನ್ನ ತಂಗಿ ನಾದಿನಿ ತನ್ನ ಕರುಳನ್ನ ತಾನೇ ನೋಡಿದ್ಲಂತೆ. ಮೇಲೆ ಆ ಚಳಿ ಬೇರೆ! ತೆರೆದ ಹೊಟ್ಟೆಗೆ ಚಳಿ ಹೊಕ್ರೆ ಮುಗೀತು."

"ನೀನು ನೋಡಿದ್ಯಾ? ನಿನ್ನ ತಂಗಿ ನೋಡಿದ್ಲಾ?" ಬಾಸಿಲಿಯಾ ಎದ್ದು ನಿಂತಳು. "ಈರುಳ್ಳಿ ಹೆಚ್ಚದೇನೇ ಊರ ಹೆಣ್ಣುಮಕ್ಕಳನ್ನ ಅಳಿಸ್ತೀಯಲ್ಲೇ! ನೀನು ತೂಗಿರೋದು ಅಡ್ಡ ಮಲಗಿದ ಮಗೂನ. ಇಲ್ಲಿ ಅಡ್ಡ ಕೂತಿರೋದು ಮಾಸು. ಅಲ್ಲಾಡಿಸಿದಾಗ ಅದು ಕಿತ್ತು ಬಂದ್ರೆ, ಹರಿಯೋ ರಕ್ತಕ್ಕೆ ನಿನ್ನ ಈರುಳ್ಳಿ ಮೂಟೆ ಅಡ್ಡ ಇಡ್ತೀಯಾ?"

ನೀವೆಸ್ ಅಳತೊಡಗಿದಳು. "ಹಂಗಾದ್ರೆ ನಿನ್ನ ಥರಾನೇ ನನ್ನನ್ನೂ ಮಲಗಿಸಿಬಿಡ್ಲಿ. ನಂಗೇನೂ ಗೊತ್ತಾಗೋದೇ ಬೇಡ."

ಬಾಸಿಲಿಯಾ ಕೈಯಲ್ಲಿದ್ದ ಗೆಡ್ಡೆಯನ್ನು ಮೂಟೆಗೆ ರಪ್ಪೆಂದು ಎಸೆದಳು. "ಗೊತ್ತಾಗದೆ ಹೋಗಿದ್ದಕ್ಕೇ ಕಣೇ ನಾನು ಇಷ್ಟು ವರ್ಷ ಉರೀತಿರೋದು! ನಿನ್ನ ಮೊದಲನೇ ಅಳು ಕೂಡ ನನ್ನ ಕಿವಿಗೆ ಬೀಳ್ಲಿಲ್ಲ. ನಡಿ, ಹೋಗಿ ಕೇಳೋಣ."

ಮರಗಟ್ಟಿಸುವ ಮದ್ದು ಕೊಡುವ ಡಾಕ್ಟರು ಓಲ್ಗಾ ಎಂಬ ಹೆಂಗಸು. ಆಸ್ಪತ್ರೆಯ ಬಾಗಿಲಲ್ಲೇ ಸಿಕ್ಕಿದಳು. "ಹೆದರ್ಬೇಡಿ ಅಮ್ಮಾ, ಏನೂ ಆಗಲ್ಲ" ಎಂದು ಹೊರಟವಳ ದಾರಿಗೆ ಬಾಸಿಲಿಯಾ ತನ್ನ ಅಗಲವಾದ ಲಂಗಗಳನ್ನು ಹರಡಿಕೊಂಡು ಅಡ್ಡ ನಿಂತಳು.

"ಅದು ಉತ್ತರ ಅಲ್ಲ ತಾಯಿ. ಕೊಯ್ಯೋ ಮುಂಚೆ ಕೊಟ್ಟಿಗೆಯ ಲಾಮಾಕ್ಕೂ ನಾವು ಹಂಗೇ ಅಂತೀವಿ. ಕೂತ್ಕೊಂಡು ಹೇಳಿ."

ಓಲ್ಗಾ ನಗಲಿಲ್ಲ. ಬೆಂಚಿನ ಮೇಲೆ ಕೂತಳು.

"ಕುಯ್ಯೋದು ಗೊತ್ತಾಗತ್ತಾ?" ಎಂದಳು ಬಾಸಿಲಿಯಾ.

"ನೋವಾಗಬಾರ್ದು. ಎಳೆಯೋದು, ಒತ್ತೋದು ಗೊತ್ತಾಗತ್ತೆ. ಯಾರೋ ಚೀಲದೊಳಗೆ ಕೈಹಾಕಿ ತಡಕಾಡ್ದಂಗೆ."

"ಮದ್ದು ಹಿಡೀದೆ ಹೋದ್ರೆ?"

"ಮೊದ್ಲು ಹೊಟ್ಟೆಗೆ ತಣ್ಣಗಿರೋದನ್ನ ಮುಟ್ಟಿಸಿ ಕೇಳ್ತೀನಿ. ತಣ್ಣಗಿದೆ ಅಂದ್ರೆ ಕತ್ತಿ ಮುಟ್ಟೋಕೆ ಬಿಡಲ್ಲ. ಆಮೇಲೆ ನೋವಾದ್ರೂ ಸಹಿಸ್ಕೊಂಡು ಸುಮ್ನಿರಬಾರ್ದು, ಬಾಯ್ಬಿಟ್ಟು ಹೇಳ್ಬೇಕು. ಮದ್ದು ಜಾಸ್ತಿ ಮಾಡ್ತೀನಿ. ಅದಕ್ಕೂ ಬಗ್ಗದಿದ್ರೆ, ಇಲ್ಲಾ ರಕ್ತ ಜಾಸ್ತಿ ಹೋದ್ರೆ, ಮಲಗಿಸಬೇಕಾಗತ್ತೆ. ಸುಳ್ಳು ಹೇಳಲ್ಲ."

"ಕರುಳು ಕಾಣತ್ತಾ?" ನೀವೆಸ್ ಮೊದಲ ಸಲ ಬಾಯಿಬಿಟ್ಟಳು.

"ಎದೆ ಹತ್ರ ಬಟ್ಟೆ ಅಡ್ಡ ಕಟ್ತೀವಿ. ನಿಂಗೆ ಕಾಣೋದು ನಿಮ್ಮವ್ವನ ಮುಖ. ಗಡಗಡ ನಡುಕ ಬರಬಹುದು, ಎಷ್ಟೋ ಜನಕ್ಕೆ ಬರತ್ತೆ. ಚಳಿ ಹೊಕ್ಕಿತು ಅಂತ ಹೆದರ್ಬೇಡ. ಬೆಚ್ಚಗೆ ಹೊದಿಸ್ತೀವಿ, ಹೋಗತ್ತೆ."

"ಇಷ್ಟನ್ನ ಮೊದ್ಲೇ ಹೇಳೋಕೆ ನಿಮ್ಮ ಬಾಯಿಗೆ ಬೀಗ ಹಾಕಿತ್ತಾ?" ಎಂದಳು ಬಾಸಿಲಿಯಾ. "ಮಾಸು ನಂಗೆ ಬೇಕು."

"ನಿಮಗೆ ಕೊಡೋಕಾಗಲ್ಲ. ಹೆತ್ತವಳು ಕೇಳ್ಬೇಕು."

ನೀವೆಸ್ ಅವ್ವನ ಮುಖ ನೋಡಿದಳು. ಆ ಮುಖ ಕೆಂಪಾಗಿತ್ತು. "ನಾನೇ ಕೇಳ್ತೀನಿ" ಎಂದಳು ಮಗಳು. "ಎಚ್ಚರ ಇರ್ತೀನಿ."

ಗುರುವಾರ ಬಾಸಿಲಿಯಾಳ ಟೋಪಿ ತೆಗೆಸಿ, ಹಸಿರು ಬಟ್ಟೆ ತೊಡಿಸಿ ಮಗಳ ತಲೆಯ ಬಳಿ ಕೂರಿಸಿದರು. ಸೂಜಿ ಚುಚ್ಚಿದಾಗ ನೀವೆಸ್ ಹಲ್ಲು ಕಚ್ಚಿದಳು. ಸ್ವಲ್ಪ ಹೊತ್ತಿಗೆ ಕಾಲುಗಳು ಬೆಚ್ಚಗಾಗಿ, ಆಮೇಲೆ ಭಾರವಾಗಿ, ತನ್ನವಲ್ಲವೇನೋ ಅನ್ನಿಸಿದವು. ತಣ್ಣಗಿನದನ್ನು ಮುಟ್ಟಿಸಿ ಓಲ್ಗಾ ಕೇಳಿದಳು; ನೀವೆಸ್ ಮೊದಲು "ಸ್ವಲ್ಪ ತಣ್ಣಗಿದೆ" ಎಂದಳು, ಕಾದರು; ಮತ್ತೆ ಕೇಳಿದಾಗ "ಏನೂ ಇಲ್ಲ" ಎಂದಳು.

"ಅವ್ವಾ, ಚೀಲ ತಡಕ್ತಿದಾರೆ."

"ತಡಕ್ಲಿ. ಕದಿಯೋಕೆ ಬಿಡಬೇಡ."

ಮಗು ಅತ್ತಿತು. ಆ ಅಳುವನ್ನು ಇಬ್ಬರೂ ಕೇಳಿದರು. ಕಣ್ಣು ತುಂಬಿಕೊಂಡದ್ದಕ್ಕೂ ಬಾಸಿಲಿಯಾ ತನ್ನ ಮೇಲೇ ಸಿಡುಕಿ ತೋಳಿನಿಂದ ಒರೆಸಿಕೊಂಡಳು. ಅಷ್ಟರಲ್ಲಿ ದಾದಿಯೊಬ್ಬಳು ಬೇಸಿನ್ ಹಿಡಿದು ಬಾಗಿಲ ಕಡೆ ತಿರುಗಿದಳು. ನೀವೆಸ್‌ಗೆ ನಡುಕ ಹತ್ತಿತ್ತು, ಹಲ್ಲು ಕಟಕಟ ಎನ್ನುತ್ತಿದ್ದವು.

"ನಿಲ್ಲಿ! ಅದು ನಂದು. ಕೊಡಿ ಇಲ್ಲಿ" ಎಂದಳು ನೀವೆಸ್, ನಡುಗುತ್ತಲೇ.

ದಾದಿ ನಿಂತಳು.

ಮಗಳು ಮನೆಗೆ ಬಂದ ದಿನ ಬಾಸಿಲಿಯಾ ಅಂಗಳ ಅಗೆಯುತ್ತಿದ್ದಳು. ನೆಲ ಮಂಜಿಗೆ ಕಲ್ಲಾಗಿತ್ತು. ಕುರಿಮಾಂಸದ ಸಾರು ಹೊತ್ತು ತಂದ ಎಲಿಯೊಡೋರಾ ಕಿಟಕಿಯಲ್ಲಿ ಇಣುಕಿ, "ನಡುಕ ಬಂತೇನೇ?" ಎಂದಳು.

"ಬಂತು, ಹೋಯ್ತು" ಎಂದಳು ನೀವೆಸ್ ಒಳಗಿನಿಂದ. "ಕರುಳು ಕಾಣ್ಲಿಲ್ಲ. ನಿನ್ನ ತಂಗಿ ನಾದಿನಿಗೆ ಹೇಳು."

ಬಾಸಿಲಿಯಾ ಪ್ರತಿ ಏಟಿಗೂ ಆ ಹಳೆಯ ದಾದಿಗೆ ಒಂದೊಂದು ಬೈಗುಳ ಹಾಕುತ್ತ ಅಗೆದಳು. ತೊಳೆದ ಮಾಸು ಹೂವಿನೊಂದಿಗೆ ಪಕ್ಕದಲ್ಲೇ ಕಾಯುತ್ತಿತ್ತು. ಗುಂಡಿ ಬೇಕಾದ್ದಕ್ಕಿಂತ ಆಳವಾಗಿತ್ತು.

"ಸಾಕು ಬಿಡೇ. ಎರಡು ಮಾಸು ಹಿಡಿಯುತ್ತೆ" ಎಂದಳು ಎಲಿಯೊಡೋರಾ.

"ಹಿಡಿಯುತ್ತೆ. ಅವತ್ತು ಎಸೆದ ನನ್ನದನ್ನ ಯಾರು ತಂದ್ಕೊಡ್ತಾರೆ?" ಎಂದು ಬಾಸಿಲಿಯಾ ಗುದ್ದಲಿಯನ್ನು ಮತ್ತೆ ಎತ್ತಿದಳು.