ನಾನೇ ಗೀಟು ಹಾಕಿದ ನಾಲ್ಕು ಸಾಲು

ಮೊನ್ನೆ ಮೊಮ್ಮಗಳು ಫೋನಿನಲ್ಲಿ ಏನೋ ಓದುತ್ತಾ, "ಅಜ್ಜೀ, ಈಗಿನ ಕವಿಗಳು ಸೀರಿಯಸ್ ಕವಿತೆಯೊಳಗೂ ಕಾಮಿಡಿ ಇಡ್ತಾರಂತೆ, ಹೊಸದಂತೆ" ಎಂದಳು.

ಹೊಸದಂತೆ! ನನಗೆ ಮೈಯೆಲ್ಲ ಉರಿದುಹೋಯಿತು. "ಕೊಡು ಇಲ್ಲಿ" ಎಂದು ಫೋನು ಕಿತ್ತುಕೊಂಡೆ. ಕನ್ನಡ ಅಕ್ಷರ ಕಲಿತದ್ದು, ಇದರಲ್ಲಿ ಒತ್ತುವುದು ಕಲಿತದ್ದು ಎರಡೂ ಈ ವರ್ಷವೇ, ಇವಳ ಹತ್ತಿರವೇ. ಒಂದೇ ಬೆರಳಿನಲ್ಲಿ ಒತ್ತುತ್ತೇನೆ. ಸಿಟ್ಟು ಬಂದರೆ ಬೆರಳು ಪಕ್ಕದ ಅಕ್ಷರದ ಮೇಲೆ ಬೀಳುತ್ತದೆ. ತಿದ್ದುವುದು ಅವಳ ಕರ್ಮ.

ಎಂಬತ್ತರ ದಶಕದ ಮಾತು. ಕೋಯಮತ್ತೂರು ಕಡೆಯ ಕಿಣತ್ತುಕಡವಿನ ಹತ್ತಿರ ನಮ್ಮದು ನೇಕಾರರ ಬೀದಿ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ನೂಲು ಮಗ್ಗ ಏರುವ ಮೊದಲು ಅದನ್ನು ಬೀದಿಯುದ್ದಕ್ಕೂ ಕೋಲುಗಳ ಮೇಲೆ ಎಳೆದು ಕಟ್ಟಿ, ಗಂಜಿ ಹಚ್ಚಿ ಒಣಗಿಸಬೇಕು. ಅದಕ್ಕೆ ಪಾವು ಅನ್ನುತ್ತಿದ್ದೆವು. ಹಸಿ ಇರುವಾಗ ಎತ್ತಿದರೆ ಎಳೆಗೆ ಎಳೆ ಅಂಟಿಕೊಂಡು ಎಲ್ಲ ಹಾಳು. ಪಾವಿನ ಹತ್ತಿರ ಯಾರಾದರೂ ಸುಳಿದರೆ ನನ್ನ ಅವ್ವ ಬೈಯುತ್ತಿದ್ದ ಬೈಗುಳವನ್ನು ಬರೆದರೆ ಈ ಫೋನೇ ನಾಚಿಕೊಂಡೀತು.

ಅವ್ವ ಸತ್ತದ್ದು ಪಾವಿನ ದಿನ. ಬೆಳಿಗ್ಗೆ ತಾನೇ ನಿಂತು ಗಂಜಿ ಹಚ್ಚಿಸಿ, ಜಗಲಿಯ ಮೇಲೆ ಕೂತವಳು ಮತ್ತೆ ಏಳಲಿಲ್ಲ. ಮಧ್ಯಾಹ್ನಕ್ಕೆ ಚಟ್ಟ ಸಿದ್ಧವಾಯಿತು. ಮೋಡದ ದಿನ, ಪಾವು ಆರಿರಲಿಲ್ಲ. ನಮ್ಮದು ಸಣ್ಣ ಬೀದಿ. ನಡುವೆ ಪಾವು ಇದ್ದರೆ ನಾಲ್ಕು ಜನ ಚಟ್ಟ ಹೊತ್ತು ನಡೆಯಲು ದಾರಿಯೇ ಇಲ್ಲ.

"ಪಾವು ಎತ್ತಿಬಿಡಾಣವಾ?" ಎಂದರು ಯಾರೋ.

"ಎತ್ತು ನೋಡಾಣ," ಎಂದರು ನಮ್ಮ ಮಾವ. "ಅವಳೇ ಎದ್ದು ಬಂದು ಹೊಡೀತಾಳೆ."

ಕಾದೆವು. ಹೆಂಗಸರು ಹಾಡಿಕೊಂಡು ಅಳುತ್ತಿದ್ದರು. ಅವ್ವನ ತಂಗಿ, ನನ್ನ ಚಿಕ್ಕವ್ವ, ಹಾಡು ನಿಲ್ಲಿಸಿ ಎದ್ದಳು. ಸೆರಗಿನಲ್ಲಿ ಕೈ ಒರೆಸಿಕೊಂಡು ಹೋಗಿ ನೂಲು ಸವರಿ ನೋಡಿದಳು. ವಾಪಸು ಬಂದು ಅವ್ವನ ಕಿವಿಯ ಹತ್ತಿರ ಬಗ್ಗಿ, "ಇನ್ನೂ ಆರ್ಲಿಲ್ಲ ಅಕ್ಕಾ. ಕೊಂಜ ಹೊತ್ತು ಮಲ್ಗಿರು" ಎಂದಳು.

ಬೀದಿಗೆ ಬೀದಿಯೇ ನಕ್ಕಿತು. ಅಲ್ಲಿಯವರೆಗೆ ನನ್ನ ಕಣ್ಣಿನಿಂದ ಒಂದು ಹನಿ ಬಂದಿರಲಿಲ್ಲ. ಆ ಮಾತಿಗೆ ನಕ್ಕೆ ನೋಡಿ, ಆಮೇಲೆ ಅಳು ನಿಲ್ಲಲೇ ಇಲ್ಲ.

ಅದನ್ನೇ ಕವಿತೆ ಮಾಡಿ ಬರೆದೆ. ಮಾತು ಕನ್ನಡ, ಅಕ್ಷರ ತಮಿಳು. ನಮಗೆ ಗೊತ್ತಿದ್ದದ್ದು ಅದೇ. ಅದೇ ಸಮಯಕ್ಕೆ ಕೋಯಮತ್ತೂರಿನಲ್ಲಿ, ಕರ್ನಾಟಕದಿಂದ ಕೆಲಸಕ್ಕೆ ಬಂದವರು ಕೂಡಿಕೊಂಡು ಕವಿಗೋಷ್ಠಿ ಇಟ್ಟರು. ನನಗೂ ಕರೆ ಬಂತು. ಚಿಕ್ಕವ್ವ ಮದುವೆಯ ಪಟ್ಟೆಸೀರೆ ಉಟ್ಟು ಹೊರಟಳು. "ನಾನ್ ಹೇಳಿದ್ ಮಾತು ಮೈಕಲ್ಲಿ ಬರುತ್ತೆ" ಎಂದು ಬಸ್ಸಿನ ಕಂಡಕ್ಟರಿಗೂ ಹೇಳಿದಳು, ತಮಿಳಿನಲ್ಲಿ.

ಅಧ್ಯಕ್ಷರು ದೊಡ್ಡ ಆಫೀಸರು. ಒಬ್ಬೊಬ್ಬರನ್ನೇ ಪಕ್ಕದ ಕೋಣೆಗೆ ಕರೆದು ಕವಿತೆ ಕೇಳುತ್ತಿದ್ದರು. ನನ್ನದನ್ನು ಕಣ್ಣು ಮುಚ್ಚಿ ಕೇಳಿದರು.

"ಚೆನ್ನಾಗಿದೆಯಮ್ಮ. ಆದರೆ ಆ ಪಾವಿನ ನಾಲ್ಕು ಸಾಲು ಬೇಡ. ಜನ ನಕ್ಕುಬಿಡ್ತಾರೆ."

"ನಗ್ಲಿ ಸಾರ್. ನಾವೂ ನಕ್ಕಿದ್ದೇ ತಾನೆ?"

"ಅದು ನಿಮ್ಮ ಬೀದಿಯಲ್ಲಿ. ಇದು ಗಂಭೀರ ಕಾವ್ಯ ತಾಯಿ. ಸಾವಿನ ಎದುರು ಹಾಸ್ಯವೇ? ತೆಗೆದರೆ ಓದಿ, ಇಲ್ಲದಿದ್ದರೆ ಮುಂದಿನ ವರ್ಷ ನೋಡೋಣ."

ತಾವೇ ಗೀಟು ಹಾಕಲು ನನ್ನ ಕಾಗದ ತೆಗೆದುಕೊಂಡರು. ನೋಡಿದರೆ ಎಲ್ಲ ತಮಿಳು ಅಕ್ಷರ. ಕಾಗದದ ಜೊತೆಗೆ ಪೆನ್ನನ್ನೂ ನನ್ನ ಕೈಗೆ ಕೊಟ್ಟು, "ನೀವೇ ಹೊಡೆದುಹಾಕಿ" ಎಂದರು.

ಹೊಡೆದುಹಾಕಿದೆ! ಆ ಮನುಷ್ಯನಿಗೆ ಅದರಲ್ಲಿ ಒಂದಕ್ಷರ ಓದಲು ಬಾರದು. ಬೇರೆ ಯಾವುದೋ ನಾಲ್ಕು ಸಾಲಿಗೆ ಗೀಟು ಎಳೆದಿದ್ದರೂ ತಲೆಯಾಡಿಸುತ್ತಿದ್ದರು. ಆದರೆ ನಾನು ವಿಧೇಯಳಾಗಿ, ಹುಡುಕಿ, ಸರಿಯಾಗಿ ಅವೇ ನಾಲ್ಕು ಸಾಲಿಗೆ ಗೀಟು ಹಾಕಿದೆ. ಅವರ ಮೇಲಿನ ಸಿಟ್ಟು ಒಂದು ಪಾಲಾದರೆ, ಈ ಕೈಯ ಮೇಲಿನ ಸಿಟ್ಟು ಮೂರು ಪಾಲು.

ವೇದಿಕೆಯ ಮೇಲೆ ಅಧ್ಯಕ್ಷರು ಮೊದಲು ಹೆಂಡತಿಯ ಅಡುಗೆಯ ಮೇಲೆ ಒಂದು ಜೋಕು ಹೇಳಿದರು. ಸಭೆ ಬಿದ್ದು ಬಿದ್ದು ನಕ್ಕಿತು. ಅದಕ್ಕೆ ಜಾಗ ಇತ್ತು. ಆಮೇಲೆ ತಮ್ಮ ಕವಿತೆ ಓದಿದರು. ಎರಡು ಸಾಲಿಗೊಮ್ಮೆ ಶೂನ್ಯ, ಮೂರು ಸಾಲಿಗೊಮ್ಮೆ ಕತ್ತಲು. ನನಗೆ ನಗು ತಡೆಯಲಾಗಲಿಲ್ಲ, ಸೆರಗು ಬಾಯಿಗೆ ತುರುಕಿಕೊಂಡೆ. ಪಕ್ಕದವರು ಅಳುತ್ತಿದ್ದೇನೆ ಎಂದುಕೊಂಡು ಬೆನ್ನು ಸವರಿದರು.

ನನ್ನ ಸರದಿ ಬಂತು. ಮೂರನೇ ಸಾಲಿನ ಕುರ್ಚಿಯಲ್ಲಿ ಚಿಕ್ಕವ್ವ ಮುಂದಕ್ಕೆ ಬಾಗಿ ಕೂತಿದ್ದಳು. ಅವಳ ಮಾತು ಬರಬೇಕಾದ ಕಡೆ ನಾನು ಹಾರಿಸಿ ಮುಂದಕ್ಕೆ ಹೋದೆ. ಮುಗಿಯಿತು. ಜನ ಲೊಚಗುಟ್ಟಿದರು, ಪಾಪ ಅಂದರು, ಚಪ್ಪಾಳೆ ತಟ್ಟಿದರು. ಚಿಕ್ಕವ್ವ ಇನ್ನೂ ಮುಂದಕ್ಕೆ ಬಾಗಿಯೇ ಇದ್ದಳು.

ವಾಪಸು ಬರುವ ಬಸ್ಸಿನಲ್ಲಿ ಕೇಳಿದಳು: "ಏನ್ ಮಗಳೇ, ನನ್ ಮಾತ್ ಬಿಟ್ಬಿಟ್ಟೆ? ಅವತ್ತು ನಾನ್ ಹಂಗ್ ಹೇಳಿದ್ದು ತಪ್ಪಾ?"

"ಟೈಮ್ ಇಲ್ಲ ಅಂದ್ರು ಚಿಕ್ಕವ್ವಾ."

ಅವಳು ನಂಬಲಿಲ್ಲ. ಸತ್ತ ಅಕ್ಕನಿಗೆ ತಾನೇ ಅವಮಾನ ಮಾಡಿಬಿಟ್ಟೆ, ಓದಿದವರ ಮುಂದೆ ಹೇಳುವ ಮಾತಲ್ಲ ಅದು ಎಂದೇ ತಿಳಿದುಕೊಂಡಳು. ಆಮೇಲೆ ಬೀದಿಯಲ್ಲಿ ಎಷ್ಟೋ ಸಾವಾದವು. ಎಲ್ಲ ಕಡೆ ಹೋಗಿ ಬಾಯಿಗೆ ಸೆರಗು ಒತ್ತಿಕೊಂಡು ಕೂತಿದ್ದು ಬಂದಳು. "ಏನಾದ್ರೂ ಹೇಳು ಅಕ್ಕಾ" ಎಂದು ಹೆಂಗಸರು ಕೇಳಿದರೆ ತಲೆ ಅಲ್ಲಾಡಿಸುತ್ತಿದ್ದಳು. ಅವಳು ಸತ್ತಾಗ ಯಾರೂ ನಗಲಿಲ್ಲ. ನಗಿಸಲು ಗೊತ್ತಿದ್ದವಳೇ ಮಲಗಿದ್ದಳಲ್ಲ.

ಆ ಅಧ್ಯಕ್ಷರು ಈಗ ಇದ್ದಾರೋ ಇಲ್ಲವೋ ಗೊತ್ತಿಲ್ಲ. ಇಲ್ಲದಿದ್ದರೆ, ಅವರ ಚಟ್ಟದ ಪಕ್ಕದಲ್ಲಿ ಯಾರಾದರೂ ಒಬ್ಬರು ಕಿಸಕ್ಕೆಂದು ನಕ್ಕಿರಲಿ. ನನ್ನದು ಅಷ್ಟೇ ಶಾಪ. ಮೊಮ್ಮಗಳು ಇದನ್ನು ಓದಿ, "ಇಷ್ಟು ಸಿಟ್ಟು ಬೇಡ ಅಜ್ಜೀ, ಕೊನೇ ಶಾಪ ತೆಗೆದುಬಿಡಾಣವಾ?" ಎಂದು ಕೇಳಿದಳು. ಅವಳ ಕೈಗೆ ಫೋನು ಕೊಡಲಿಲ್ಲ. ಚಿಕ್ಕವ್ವಾ, ಇದು ನಿನಗೆ:

ಪಾವು ಇನ್ನೂ ಹಸಿ, ಚಟ್ಟಕ್ಕೆ ದಾರಿಯಿಲ್ಲ.
ತಂಗಿ ಎಳೆ ಸವರಿ ಬಂದು ಕಿವಿಯಲ್ಲಿ ಹೇಳಿದಳು:
"ಇನ್ನೂ ಆರ್ಲಿಲ್ಲ ಅಕ್ಕಾ, ಕೊಂಜ ಹೊತ್ತು ಮಲ್ಗಿರು."
ಹುಟ್ಟಿದ ಮೇಲೆ ಅವತ್ತೇ ಅವ್ವ ಇನ್ನೊಬ್ಬರ ಮಾತು ಕೇಳಿದ್ದು.