ತುಟಿ ತಾಗದ ಕೆಂಪು ವೈನು

ಎಂಬತ್ತಾರನೇ ಇಸವಿಯ ಮಾತು, ನನಗಾಗ ಐವತ್ತೆಂಟು. ಅಮೆರಿಕದ ಸ್ಯಾನ್ ಹೊಸೆಯಲ್ಲಿ ಮಗಳ ಪಕ್ಕದ ಮನೆಯ ಸ್ಪೇನಿನ ಮುದುಕಿ ಎಷ್ಟು ಕರೆದರೂ ನಾನು ಅಲ್ಲಿ ನೀರೂ ಮುಟ್ಟುತ್ತಿರಲಿಲ್ಲ. ಕಂಡವರ ಎಂಜಲು ಲೋಟ ನನಗಾಗದು. “ಇನ್ನು ಅವರು ಕರೆಯೋದೇ ಇಲ್ಲ, ನೋಡ್ತಿರು” ಎಂದು ಮಗಳು ಸಿಡುಕುತ್ತಿದ್ದಳು.

ಒಂದು ಸಂಜೆ ಆ ಮುದುಕಿ ಅಂಗಳದಲ್ಲಿ ಕೂತು, ಕೊಕ್ಕಿನಂಥ ಮೂತಿಯ ಗಾಜಿನ ಹೂಜಿಯನ್ನು ತಲೆಯ ಮೇಲೆತ್ತಿ ಬಾಗಿಸಿದಳು. ಇಳಿಬಿಸಿಲಲ್ಲಿ ಕೆಂಪು ವೈನು ದಾರದಂತೆ ಹೊಳೆಯುತ್ತ ಬಾಯಿಗಿಳಿಯಿತು. ತುಟಿ ತಾಗಲೇ ಇಲ್ಲ. ಕನಸು ಕಂಡವಳಂತೆ ನಿಂತೆ.

“ಅವರೂರಲ್ಲಿ ದ್ರಾಕ್ಷಿ ಕೊಯ್ಯೋರೆಲ್ಲ ಒಂದೇ ಹೂಜೀಲಿ ಹೀಗೇ ಎತ್ತಿ ಕುಡೀತಾರಂತಮ್ಮ,” ಎಂದಳು ಮಗಳು.

“ಮೊದಲೇ ಹೇಳೋಕೇನಾಗಿತ್ತೇ, ಪೆದ್ದಿ!”

ವೈನು ನನಗೆ ಬೇಕಿರಲಿಲ್ಲ. ಮರುದಿನ ಬೆಳಿಗ್ಗೆ ಒಬ್ಬಳೇ ಹೋಗಿ ಅವಳ ಬಾಗಿಲು ತಟ್ಟಿ, ಕುಡಿಯಲು ನೀರು ಕೊಡೆಂದು ಕೈಸನ್ನೆ ಮಾಡಿದೆ.